22ರ ಹುಡುಗ ಆ ರಾತ್ರಿ ಎಲ್ಲರಿಗಿಂತ ಮುಂದೆ ಯಾಕಿದ್ದ?

1999ರ ಕಾರ್ಗಿಲ್ ಯುದ್ಧದಲ್ಲಿ ಪ್ರಾಣ ಕೊಟ್ಟ ಕ್ಯಾಪ್ಟನ್ ವಿಜಯಂತ್ ಥಾಪರ್ ಅಂದ ಕೂಡ್ಲೇ ಎಲ್ರೂ ಅವರು ಮನೆಗೆ ಬರೆದ ಕೊನೇ ಪತ್ರನ ಶೇರ್ ಮಾಡ್ತಾರೆ. ಮಾಡ್ಲಿ, ಓದಲೇಬೇಕಾದ ಪತ್ರ ಅದು. ಆದ್ರೆ 1998ರ ಡಿಸೆಂಬರ್‌ನಲ್ಲಿ ಸೇನೆಗೆ ಆಫೀಸರ್ ಆಗಿ ಸೇರಿದ ಹುಡುಗ, ಮುಂದಿನ ಜೂನ್‌ನಲ್ಲೇ ಶತ್ರುವಿನ ಮಷೀನ್‌ಗನ್ ಎದುರಿಗೆ ಹೋಗಬೇಕಾಗಿ ಬಂದಿದ್ದು ಯಾಕೆ ಅನ್ನೋದೂ ಗೊತ್ತಿರಬೇಕು.

ಚಳಿಗಾಲದಲ್ಲಿ ಎತ್ತರದ ಪೋಸ್ಟ್‌ಗಳನ್ನ ಖಾಲಿ ಮಾಡಿ ಕೆಳಗೆ ಬರೋದು ಆಗ ಕಾರ್ಗಿಲ್‌ನಲ್ಲಿ ರೂಢಿಯಾಗಿತ್ತು. ಆ ವರ್ಷ ನಮ್ಮೋರು ವಾಪಸ್ ಹತ್ತೋದ್ರೊಳಗೆ ಪಾಕಿಸ್ತಾನದ ಸೈನಿಕರು ಬಂದು ಕೂತ್ಬಿಟ್ಟಿದ್ರು, ಮೇ ಮೊದಲ ವಾರ ದನ-ಕುರಿ ಕಾಯೋರ ಕಣ್ಣಿಗೆ ಬಿದ್ದ ಮೇಲೇನೇ ವಿಷಯ ಗೊತ್ತಾಗಿದ್ದು. ದ್ರಾಸ್ ಹತ್ರದ ತೋಲೋಲಿಂಗ್ ಮೇಲೆ ಕೂತ್ರೆ ಶ್ರೀನಗರ-ಲೇಹ್ ಹೆದ್ದಾರಿ ನೇರ ಕಾಣುತ್ತೆ, ಒಂದೊಂದು ಲಾರಿ ಹೋಗೋದೂ ಕಾಣುತ್ತೆ. ಗಡಿ ನಿಯಂತ್ರಣ ರೇಖೆ ದಾಟಬಾರದು ಅಂತ ಸರ್ಕಾರ ತೀರ್ಮಾನ ಮಾಡಿತ್ತು. ಹಿಂದಿನಿಂದ ಹೋಗಿ ಅವರ ಸಪ್ಲೈ ಕಟ್ ಮಾಡೋ ಹಾಗಿರಲಿಲ್ಲ, ಗುಂಡು ಬರೋ ಕಡೆಗೇ ಹತ್ತಬೇಕು. ಬೋಫೋರ್ಸ್ ಎಷ್ಟೇ ಹೊಡೆದ್ರೂ ಕೊನೇ ಹಂತದಲ್ಲಿ ನಮ್ಮ ಫಿರಂಗಿ ನಿಲ್ಲಿಸಲೇಬೇಕು, ಇಲ್ದಿದ್ರೆ ನಮ್ಮೋರಿಗೇ ಬೀಳುತ್ತೆ. ಅಲ್ಲಿಂದಾಚೆ ಉಳಿಯೋದು ಒಂದು ಪ್ಲಟೂನು, ಅಂದ್ರೆ ಸೈನಿಕರ ಒಂದು ಸಣ್ಣ ತುಕಡಿ, ಅದರ ಮುಂದೆ ಒಬ್ಬ ಯುವ ಆಫೀಸರ್. ಕಾರ್ಗಿಲ್‌ನಲ್ಲಿ ಅಷ್ಟೊಂದು ಎಳೇ ವಯಸ್ಸಿನ ಅಧಿಕಾರಿಗಳು ಪ್ರಾಣ ಕಳ್ಕೊಂಡಿದ್ದಕ್ಕೆ ಈ ಲೆಕ್ಕಾಚಾರನೇ ದೊಡ್ಡ ಕಾರಣ ಅಂತ ನನಗನ್ಸುತ್ತೆ.

18 ಗ್ರೆನೇಡಿಯರ್ಸ್ ಅನ್ನೋ ಬೆಟಾಲಿಯನ್ ತುಂಬಾ ಜೀವ ಕಳ್ಕೊಂಡ ಮೇಲೆ ತೋಲೋಲಿಂಗ್ ಕೆಲಸ ವಿಜಯಂತ್ ಇದ್ದ ಬೆಟಾಲಿಯನ್ 2 ರಾಜ್‌ಪುತಾನಾ ರೈಫಲ್ಸ್‌ಗೆ ಬಂತು. ಅದರ ಕಮಾಂಡಿಂಗ್ ಆಫೀಸರ್ ನಮ್ಮ ದಾವಣಗೆರೆ ಕಡೆಯ ಎಂ.ಬಿ. ರವೀಂದ್ರನಾಥ್, ಅವರಿಗೂ ವೀರಚಕ್ರ ಬಂದಿದೆ, 2018ರಲ್ಲಿ ತೀರ್ಕೊಂಡ್ರು. ನಮ್ಮೋರಲ್ಲೇ ಎಷ್ಟು ಜನಕ್ಕೆ ಅವರ ಹೆಸರು ಗೊತ್ತೋ! ಜೂನ್ 13ಕ್ಕೆ ತೋಲೋಲಿಂಗ್ ಕೈಗೆ ಬಂತು, ಮೇಜರ್ ವಿವೇಕ್ ಗುಪ್ತಾ ಅಲ್ಲೇ ಪ್ರಾಣ ಬಿಟ್ರು. ವಿಜಯಂತ್ ತಮ್ಮ ಪ್ಲಟೂನ್ ಜೊತೆ ಅಲ್ಲಿದ್ದ ಬರ್ಬಾದ್ ಬಂಕರ್ ಅನ್ನೋ ಶತ್ರು ನೆಲೆ ಹಿಡಿದ್ರು, ಅದು ಅವರ ಮೊದಲ ಕದನ.

ಎರಡೇ ವಾರಕ್ಕೆ ಮುಂದಿನ ಬೆಟ್ಟ, ನೋಲ್. ಜೂನ್ 28ರ ರಾತ್ರಿ, ಹುಣ್ಣಿಮೆ. ಕತ್ತಿಯಂಚಿನಂಥ ಕಿರಿದಾದ ಏಣು, ಬೆಳದಿಂಗಳಲ್ಲಿ ಹತ್ತೋರೆಲ್ಲ ಮೇಲಿದ್ದೋರಿಗೆ ಕಾಣ್ತಿದ್ರು. ದಾಳಿಗೆ ಸಜ್ಜಾಗ್ತಿರುವಾಗಲೇ ವಿಜಯಂತ್ ಪ್ಲಟೂನ್ ಮೇಲೆ ಶೆಲ್ ಬಿತ್ತು, ಕೆಲವರು ಸತ್ರು, ಉಳಿದೋರು ಚದುರಿದ್ರು. ಅವರನ್ನೆಲ್ಲ ಮತ್ತೆ ಸೇರಿಸಿಕೊಂಡು ಹೊರಟ್ರು. ಅಷ್ಟರಲ್ಲಿ ಕಂಪನಿ ಕಮಾಂಡರ್ ಮೇಜರ್ ಪದ್ಮಪಾಣಿ ಆಚಾರ್ಯ ಕೂಡ ಪ್ರಾಣ ಕಳ್ಕೊಂಡಿದ್ರು. ನಾಯಕ್ ತಿಲಕ್ ಸಿಂಗ್ ಜೊತೆ ವಿಜಯಂತ್ ಮಷೀನ್‌ಗನ್ ಕಡೆಗೆ ನುಗ್ಗಿದ್ರು, ತಲೆಗೆ ಗುಂಡು ಬಿತ್ತು, ತಿಲಕ್ ಸಿಂಗ್ ತೋಳಲ್ಲೇ ಪ್ರಾಣ ಬಿಟ್ರು. ನೋಲ್ ನಮ್ಮದಾಯ್ತು. ವಿಜಯಂತ್‌ಗೆ ವೀರಚಕ್ರ ಆಮೇಲೆ ಬಂತು.

ಆ ಪತ್ರದಲ್ಲಿ ನನ್ನ ಮನಸ್ಸಲ್ಲಿ ನಿಂತಿರೋದು ಐವತ್ತು ರೂಪಾಯಿ. ಕಾಶ್ಮೀರದ ಕುಪ್ವಾರಾದಲ್ಲಿದ್ದಾಗ ಉಗ್ರರಿಂದ ಅಪ್ಪನ್ನ ಕಳ್ಕೊಂಡು ಮಾತೇ ನಿಲ್ಲಿಸಿದ್ದ ಒಂದು ಪುಟ್ಟ ಹುಡುಗಿ ವಿಜಯಂತ್‌ನ ಹಚ್ಕೊಂಡಿದ್ಲಂತೆ, ಅವಳಿಗೆ ತಿಂಗಳಿಗೆ ಐವತ್ತು ರೂಪಾಯಿ ತಪ್ಪದೆ ಕೊಡಿ ಅಂತ ಬರೆದಿದ್ರು. ಆಗೋದಾದ್ರೆ ನಾವು ಹೋರಾಡಿದ ಜಾಗ ಬಂದು ನೋಡಿ ಅಂತಲೂ ಬರೆದಿದ್ರು. ಮಗನಿಗೆ ವಿಜಯಂತ ಟ್ಯಾಂಕಿನ ಹೆಸರಿಟ್ಟಿದ್ದ ತಂದೆ, ಕರ್ನಲ್ ವಿ.ಎನ್. ಥಾಪರ್, ಅದಾದ ಮೇಲೆ ವರ್ಷ ವರ್ಷ ದ್ರಾಸ್‌ಗೆ ಹೋಗಿದ್ದಾರೆ.