ಓವನ್ ಒಳಗಿನ ಗಾಳಿಗೆ ದಾರಿ ಬಿಡಿ

ಡಿಸೆಂಬರ್ ಬಂತು ಅಂದ್ರೆ ಮಂಗಳೂರಿನಲ್ಲಿ ಓವನ್ ರಿಪೇರಿ ಮಾಡುವ ನನ್ನ ಫೋನಿಗೆ ಬಿಡುವಿರುವುದಿಲ್ಲ. ಕ್ರಿಸ್‌ಮಸ್‌ಗೆ ಕುಸ್ವಾರ್ ಅಂದರೆ ಹಬ್ಬದ ತಿಂಡಿಗಳನ್ನು ಮಾಡುವ ಮನೆಗಳಲ್ಲಿ ತಿಂಗಳುಗಟ್ಟಲೆ ಮುಚ್ಚಿದ್ದ ಓವನ್ ಬಾಗಿಲು ತೆರೆಯುವುದೇ ಆಗ. ದೂರು ಹೆಚ್ಚಾಗಿ ಒಂದೇ. "ಕೇಕ್ ಮೇಲೆ ಕಪ್ಪಾಗ್ತದೆ, ನಡುವೆ ಹಸಿ ಹಸಿ ಉಳೀತದೆ, ಥರ್ಮೋಸ್ಟಾಟ್ ಹೋಗಿದೆ ಅಂತ ಕಾಣ್ತದೆ, ಒಮ್ಮೆ ಬನ್ನಿ ಮಾರಾಯ್ರೆ."

ಹೋದ ವರ್ಷ ಅಂಥದ್ದೇ ಒಂದು ಮನೆಗೆ ಹೋಗಿದ್ದೆ. ಐದು ಬರ್ನರ್‌ನ ದೊಡ್ಡ ರೇಂಜ್, ಕೆಳಗೆ ಕನ್ವೆಕ್ಷನ್ ಓವನ್. ಬಾಗಿಲು ತೆಗೆದರೆ ನಡುವಿನ ಕಂಬಿಗಳ ಮೇಲೆ ಒಂದು ಅಲ್ಯೂಮಿನಿಯಂ ಟ್ರೇ, ಎಡಗೋಡೆಯಿಂದ ಬಲಗೋಡೆಗೆ ಸರಿಯಾಗಿ ತಾಗಿ ಕೂತಿದೆ. ಒಂದು ಬೆರಳು ತೂರಿಸಲಿಕ್ಕೂ ಜಾಗ ಇಲ್ಲ. ಕೆಳಗೆ ನೆಲಕ್ಕೆ ಫಾಯಿಲ್ ಹಾಸಿದ್ದಾರೆ, ಗಲೀಜಾಗಬಾರದು ಅಂತ. ಬಿಸಿಯನ್ನು ಹತೋಟಿಯಲ್ಲಿಡುವ ಆ ಥರ್ಮೋಸ್ಟಾಟನ್ನು ನಾನು ಮುಟ್ಟಲೇ ಇಲ್ಲ. ಫಾಯಿಲ್ ತೆಗೆದೆ, ದೊಡ್ಡ ಟ್ರೇ ಬದಲು ಮನೆಯಲ್ಲೇ ಇದ್ದ ಎರಡು ಸಣ್ಣ ಟಿನ್ ಇಡಿಸಿದೆ, ನಡುವೆ ಮತ್ತು ಗೋಡೆಯ ಕಡೆ ಎರಡೆರಡು ಇಂಚು ಬಿಟ್ಟು. ಒಂದು ಗಂಟೆ ಅಲ್ಲೇ ಕೂತೆ. ಎರಡೂ ಕೇಕ್ ಒಂದೇ ಬಣ್ಣಕ್ಕೆ ಬಂದವು. ಆ ಅಮ್ಮ ಕಡ್ಡಿ ಚುಚ್ಚಿ ನೋಡಿದರು, ಏನೂ ಅಂಟಿರಲಿಲ್ಲ.

ಕನ್ವೆಕ್ಷನ್ ಅಂದರೆ ಇಷ್ಟೇ, ಬಿಸಿ ಗಾಳಿಯನ್ನು ತಿರುಗಿಸುವುದು. ಹಿಂದಿನ ಗೋಡೆಯಲ್ಲಿ ಜಾಲರಿ ಕಾಣ್ತದಲ್ವಾ, ಅದರ ಹಿಂದೆ ಒಂದು ಫ್ಯಾನ್ ಇರುತ್ತದೆ. ಅದು ನಡುವಿನಿಂದ ಗಾಳಿಯನ್ನು ಎಳೆದುಕೊಂಡು ಅಂಚಿನಿಂದ ಸುತ್ತಲೂ ಬಿಡುತ್ತದೆ. ಒಳ್ಳೆಯ ಓವನ್‌ಗಳಲ್ಲಿ ಆ ಫ್ಯಾನಿನ ಸುತ್ತ ಬಳೆಯಂತೆ ಒಂದು ಹೀಟರ್ ಕೂಡ ಇರುತ್ತದೆ. ಗಾಳಿ ಅದನ್ನು ದಾಟಿ ಬಿಸಿಯಾಗಿ ಟ್ರೇಯ ಮೇಲೆ, ಕೆಳಗೆ, ಪಕ್ಕದಲ್ಲಿ ಹರಿದು ಮತ್ತೆ ಫ್ಯಾನಿಗೆ ಹೋಗಬೇಕು. ಅಡ್ಡಕ್ಕೆ ಗೋಡೆಯ ಹಾಗೆ ಟ್ರೇ ಇಟ್ಟರೆ ಆ ಸುತ್ತು ಅರ್ಧಕ್ಕೇ ನಿಂತಿತು. ಮೇಲಿನ ಭಾಗ ಸುಡುತ್ತದೆ, ಕೆಳಗಿನದ್ದು ಬೇಯುವುದೇ ಇಲ್ಲ. ನಾನು ನೋಡುವ ಓವನ್ ದೂರುಗಳಲ್ಲಿ ಜಾಸ್ತಿ ಇಂಥವೇ. ಮೆಷಿನ್ ಸರಿ ಇರುತ್ತದೆ, ಗಾಳಿಗೆ ದಾರಿ ಇರುವುದಿಲ್ಲ.

ಗಾಳಿ ತಿರುಗಿದಾಗ ಶಾಖ ಬೇಗ ತಾಗುತ್ತದೆ. ಹಾಗಾಗಿ ಪುಸ್ತಕದಲ್ಲಿ ಸಾಮಾನ್ಯ ಓವನ್‌ಗೆ 180 ಡಿಗ್ರಿ ಅಂತ ಇದ್ದರೆ ಫ್ಯಾನ್ ಹಾಕಿದಾಗ 160ಕ್ಕೆ ಇಡಿ, ಹತ್ತು ನಿಮಿಷ ಮೊದಲೇ ಒಮ್ಮೆ ನೋಡಿ. ಕೋಳಿ ರೋಸ್ಟ್, ಬಿಸ್ಕತ್ತು, ನಾನ್‌ಖಟಾಯಿ, ಒಟ್ಟಿಗೆ ಎರಡು ಮೂರು ಟ್ರೇ, ಇದಕ್ಕೆಲ್ಲ ಫ್ಯಾನ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ದ್ರಾಕ್ಷಿ, ಗೋಡಂಬಿ ತುಂಬಿದ ದಪ್ಪ ಪ್ಲಮ್ ಕೇಕ್‌ಗೆ ನಾನು ಫ್ಯಾನ್ ಬೇಡ ಅನ್ನುತ್ತೇನೆ. ಗಾಳಿ ಬೀಸಿ ಬೀಸಿ ಮೇಲ್ಪದರ ಒಣಗಿ ಬಿರಿಯುತ್ತದೆ, ಒಳಗೆ ಇನ್ನೂ ಬೆಂದಿರುವುದಿಲ್ಲ. ಮೇಲಿನ, ಕೆಳಗಿನ ಎರಡೂ ಹೀಟರ್ ಹಾಕಿ, 150ರ ಹತ್ತಿರ, ನಿಧಾನಕ್ಕೆ ಬೇಯಿಸಿ. ಓವನ್ ಒಳಗೆ ಇಡುವ ಒಂದು ಸಣ್ಣ ಥರ್ಮಾಮೀಟರ್ ಸಿಗುತ್ತದೆ, ದುಬಾರಿಯೇನಲ್ಲ, ತೆಗೆದುಕೊಳ್ಳಿ. ತಿರುಗಿಸುವ ಗುಬ್ಬಿಯ (ನಾಬ್) ಮೇಲಿನ ನಂಬರಿಗೂ ಒಳಗಿನ ಬಿಸಿಗೂ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಇದ್ದರೆ ಅದು ಹೊಸ ಓವನ್‌ನಲ್ಲೂ ಸಾಮಾನ್ಯ. ನಿಮ್ಮ ಓವನ್ ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಅಂತ ಗೊತ್ತಿದ್ದರೆ ಸಾಕು.

ಇನ್ನು ಗುಬ್ಬಿಯ ಚಿತ್ರಗಳು. ಇದನ್ನು ಯಾರೂ ಅಂಗಡಿಯಲ್ಲಿ ಹೇಳಿಕೊಡುವುದಿಲ್ಲ, ಅದೇ ನನಗೆ ಬೇಸರ. ಬರೀ ಫ್ಯಾನಿನ ಚಿತ್ರ ಮಾತ್ರ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಹೀಟರ್ ಇಲ್ಲ, ಫ್ರೀಜರಿನಿಂದ ತೆಗೆದದ್ದನ್ನು ಕರಗಿಸಲಿಕ್ಕೆ ತಣ್ಣನೆ ಗಾಳಿ ಬಿಡುವುದು ಅದರ ಕೆಲಸ. ಇದರಲ್ಲಿ ಕೇಕ್ ಇಟ್ಟು ಓವನ್ ಬಿಸಿಯೇ ಆಗುವುದಿಲ್ಲ ಅಂತ ಕರೆದವರು ಎಷ್ಟೋ ಜನ. ಫ್ಯಾನಿನ ಸುತ್ತ ವೃತ್ತ ಇದ್ದರೆ ಬಳೆ ಹೀಟರ್. ಫ್ಯಾನಿನ ಮೇಲೆ ಕೆಳಗೆ ಗೆರೆ ಇದ್ದರೆ ಮೇಲಿನ, ಕೆಳಗಿನ ಹೀಟರಿನ ಜೊತೆಗೆ ಗಾಳಿ. ಗರಗಸದ ಹಲ್ಲಿನ ಹಾಗೆ ಗೆರೆ ಇದ್ದರೆ ಗ್ರಿಲ್.

ಡಿಜಿಟಲ್ ಗಡಿಯಾರ ಇರುವ ಓವನ್‌ನಲ್ಲಿ ಇನ್ನೊಂದು ತಕರಾರು ಉಂಟು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುತ್ತಲೇ ಇರುತ್ತದೆ. ಬಂದ ಮೇಲೆ ಗಡಿಯಾರ ಸೊನ್ನೆ ತೋರಿಸಿ ಮಿನುಗುತ್ತದೆ, ಪಕ್ಕದಲ್ಲಿ "ಆಟೋ" ಅಂತ ಬರುತ್ತದೆ. ಎಷ್ಟೋ ಮಾಡೆಲ್‌ಗಳಲ್ಲಿ ಆ ಗಡಿಯಾರವನ್ನು ಸರಿಮಾಡಿ, ಕೈ ಅಥವಾ ಪಾತ್ರೆಯ ಚಿತ್ರದ ಬಟನ್ ಒತ್ತಿ ಮ್ಯಾನ್ಯುವಲ್‌ಗೆ ತರುವ ತನಕ ಓವನ್ ಬಿಸಿಯಾಗುವುದೇ ಇಲ್ಲ. ಮೊದಲು ಇದನ್ನು ಮಾಡಿ ನೋಡಿ, ಆಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಹಾಗೆಯೇ ಓವನ್ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಒಳಗಿನಿಂದ ಗಾಳಿಯ ಸದ್ದು ಬರುತ್ತಿದ್ದರೆ ಗಾಬರಿ ಬೇಡ. ಅದು ಗುಬ್ಬಿ, ಬೋರ್ಡು ತಣ್ಣಗಾಗಲಿ ಅಂತ ತಿರುಗುವ ಬೇರೆ ಫ್ಯಾನ್. ಅದು ತಾನಾಗಿ ನಿಲ್ಲುವ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಬೇಡಿ.

ಫಾಯಿಲ್ ಬಗ್ಗೆ ಇನ್ನೂ ಒಂದು ಮಾತು. ನೆಲಕ್ಕೆ ಹಾಸಿದರೆ ಕೆಳಗಿನ ಹೀಟರಿನ ಬಿಸಿ ಅಲ್ಲೇ ಸಿಕ್ಕಿಕೊಂಡು ಒಳಮೈಯ ಗಾಜಿನಂಥ ಲೇಪ, ಅಂದರೆ ಎನಾಮಲ್, ಬಿರುಕು ಬಿಡುತ್ತದೆ, ಕೆಲವೊಮ್ಮೆ ಫಾಯಿಲ್ ಕರಗಿ ಅಂಟಿಕೊಳ್ಳುತ್ತದೆ, ಆಮೇಲೆ ಅದು ಬಿಡುವುದೇ ಇಲ್ಲ. ಚೆಲ್ಲಿದ್ದನ್ನು ಅದೇ ದಿನ, ಓವನ್ ಉಗುರು ಬೆಚ್ಚಗೆ ಇರುವಾಗ, ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ಹುಣಸೆ, ನಿಂಬೆ ಇರುವ ಮಸಾಲೆ ಚೆಲ್ಲಿದರೆ ಅಂತೂ ನಾಳೆಗೆ ಇಡಲೇಬೇಡಿ, ಹುಳಿ ಎನಾಮಲ್‌ನಲ್ಲಿ ಕಲೆ ಹಿಡಿಸುತ್ತದೆ. ಹಳೆ ಜಿಡ್ಡಿಗೆ ಅಡುಗೆ ಸೋಡಾ ಕಲಸಿ ಹಚ್ಚಿ ರಾತ್ರಿ ಬಿಟ್ಟು ಬೆಳಗ್ಗೆ ಒರೆಸಿದರೆ ಬರುತ್ತದೆ. ಹೀಟರಿಗೆ, ಫ್ಯಾನಿನ ಜಾಲರಿಗೆ ಹಚ್ಚಬೇಡಿ. ಕೆಲವು ಓವನ್‌ಗಳ ಪಕ್ಕದ ಗೋಡೆ ಮುಟ್ಟಿದರೆ ಉಪ್ಪುಕಾಗದದ ಹಾಗೆ ಒರಟಾಗಿರುತ್ತದೆ. ಅದು ಜಿಡ್ಡನ್ನು ಬಿಸಿಯಲ್ಲೇ ಸುಟ್ಟುಹಾಕುವ ಲೇಪ, ಅದನ್ನು ಉಜ್ಜಿದರೆ ಲೇಪವೇ ಹಾಳು.

ಬಾಗಿಲಿನ ಗಾಜಿಗೆ ಸ್ಟೀಲ್ ಜುಂಗು ಬೇಡವೇ ಬೇಡ. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು ಅದು, ಇವತ್ತು ಬಿದ್ದ ಸಣ್ಣ ಗೀರು ತಿಂಗಳುಗಳ ನಂತರ ಬಿಸಿಗೆ ಒಮ್ಮೆಲೇ ಪುಡಿಪುಡಿ ಮಾಡಬಹುದು. ಮೇಲಿನ ಗಾಜಿನ ಮುಚ್ಚಳದ್ದೂ ಅದೇ ಕತೆ, ಬರ್ನರ್ ಪೂರ್ತಿ ತಣ್ಣಗಾಗುವ ಮೊದಲು ಮುಚ್ಚಬಾರದು. ಬಾಗಿಲಿನ ಸುತ್ತ ಇರುವ ಗ್ಯಾಸ್ಕೆಟನ್ನು ಬರೀ ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿ. ಅದು ಸರಿ ಹಿಡಿಯುತ್ತಾ ಅಂತ ನೋಡಬೇಕಾದರೆ, ಓವನ್ ತಣ್ಣಗಿರುವಾಗ ಒಂದು ಕಾಗದದ ಚೂರು ನಡುವೆ ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸುಲಭವಾಗಿ ಜಾರಿ ಬಂದರೆ ಅಲ್ಲಿಂದ ಬಿಸಿ ಹೊರಗೆ ಹೋಗುತ್ತಿದೆ.

ಮೇಲಿನ ಬರ್ನರ್‌ಗೂ ಬೇಕಾದದ್ದು ಗಾಳಿಯೇ. ಉರಿ ನೀಲಿ ಇರಬೇಕು. ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಗ್ಯಾಸಿಗೆ ಸಾಕಷ್ಟು ಗಾಳಿ ಸೇರುತ್ತಿಲ್ಲ. ಬರ್ನರ್ ತಲೆ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆಯಿರಿ, ತೂತುಗಳನ್ನು ಬ್ರಷ್‌ನಿಂದ ಬಿಡಿಸಿ, ಬಿಸಿಲಿನಲ್ಲಿ ಒಣಗಿಸಿ. ನೀರು ಉಳಿದರೆ ಇಗ್ನಿಷನ್ ಸುಮ್ನೆ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಅದರ ಕೆಳಗೆ ಕಾಣುವ ಹಿತ್ತಾಳೆ ನಾಝಲ್‌ನ ತೂತಿಗೆ ಮಾತ್ರ ಸೂಜಿ ಹಾಕಬೇಡಿ. ಆ ತೂತಿನ ಅಳತೆಯೇ ಗ್ಯಾಸಿನ ಅಳತೆ, ಕೂದಲಿನಷ್ಟು ದೊಡ್ಡದಾದರೂ ಉರಿ ಕೆಡುತ್ತದೆ. ಸಿಲಿಂಡರಿನಿಂದ ಪೈಪ್ ಗ್ಯಾಸಿಗೆ ಹೋಗುವವರು ಎಲ್ಲ ನಾಝಲ್ ಬದಲಿಸಲೇಬೇಕು, ಓವನ್ ಒಳಗೂ ಗ್ಯಾಸ್ ಬರ್ನರ್ ಇದ್ದರೆ ಅದರದ್ದೂ ಸೇರಿ. ಅಷ್ಟೇ ಗಾತ್ರದ ಎಲ್‌ಪಿಜಿಯಲ್ಲಿ ಪೈಪ್ ಗ್ಯಾಸಿಗಿಂತ ಸುಮಾರು ಎರಡೂವರೆ ಪಟ್ಟು ಶಾಖ ಇರುತ್ತದೆ, ಹಾಗಾಗಿ ಒಂದರ ನಾಝಲ್ ಇನ್ನೊಂದಕ್ಕೆ ಆಗುವುದಿಲ್ಲ. ರಬ್ಬರ್ ಪೈಪ್ ಓವನ್‌ನ ಬೆನ್ನಿಗೆ ತಾಗದಂತೆ ಇರಲಿ, ಸುರಕ್ಷಾ ಪೈಪ್ ಆದರೂ 5 ವರ್ಷಕ್ಕೆ ಬದಲಿಸಿ.

ಗಲ್ಫ್‌ನಿಂದ ತಂದ ರೇಂಜ್‌ಗಳು ನಮ್ಮೂರಲ್ಲಿ ಬೇಕಾದಷ್ಟು ಇವೆ. ಗಟ್ಟಿ ಮಾಲು, ಬಿಸಾಡಬೇಡಿ. ಸೌದಿಯ ಕರೆಂಟ್ ಮಾತ್ರ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಆವರ್ತನೆ, ನಮ್ಮದು 50. ಅಲ್ಲಿಂದ ತಂದದ್ದರಲ್ಲಿ ಕರೆಂಟಿನ ವೇಗಕ್ಕೆ ತಿರುಗುವ ಟೈಮರ್ ಇದ್ದರೆ ಅದು ಒಂದು ಗಂಟೆ ಅಂತ ತೋರಿಸುವುದು ನಿಜಕ್ಕೂ 72 ನಿಮಿಷ. ಕೇಕ್ ಕರಟಿದರೆ ಕಾರಣ ಅದೂ ಇರಬಹುದು, ಮೊಬೈಲಿನಲ್ಲೇ ಟೈಮ್ ಇಟ್ಟುಕೊಳ್ಳಿ.

ಕೊನೆಗೆ ಹೇಳುವುದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ ವಿಷಯ. ಒಂದು ಮನೆಯಲ್ಲಿ ಈಸ್ಟರ್ ಆದ ಮೇಲೆ ಓವನ್ ಮುಟ್ಟಿರಲಿಲ್ಲ. ಡಿಸೆಂಬರಿನಲ್ಲಿ ಗುಬ್ಬಿ ತಿರುಗಿಸಿದ್ದೇ ತಡ, ಮನೆಯ ಕರೆಂಟೇ ಟ್ರಿಪ್. ಯಾರೋ ಎಲೆಕ್ಟ್ರಿಷಿಯನ್ ಬಂದು ಪ್ಲಗ್‌ನೊಳಗೆ ಅರ್ಥಿಂಗ್ ವಯರ್ ಕತ್ತರಿಸಿ ಹೋಗಿದ್ದ. ಟ್ರಿಪ್ ಆಗುವುದು ನಿಂತಿತು. ಆದರೆ ಬಾಗಿಲಿನ ಹಿಡಿಕೆ ಮುಟ್ಟಿದರೆ ಜುಂ ಅನ್ನುತ್ತದೆ ಅಂತ ಮನೆಯವರು ನನ್ನನ್ನು ಕರೆದರು. ಟೆಸ್ಟರ್ ಇಟ್ಟು ನೋಡಿದೆ, ದೀಪ ಹತ್ತಿತು. ಬರಿಗಾಲಿನ ಮಕ್ಕಳು ಅದರ ಮುಂದೆಯೇ ಓಡಾಡುತ್ತಿದ್ದರು.

ಆಗಿದ್ದು ಇಷ್ಟು. ಹೀಟರ್ ಕೊಳವೆಯೊಳಗೆ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿ ತುಂಬಿರುತ್ತಾರೆ, ಕರೆಂಟ್ ಹೊರಮೈಗೆ ಬಾರದಂತೆ. ಆ ಪುಡಿ ಗಾಳಿಯ ತೇವ ಹೀರುತ್ತದೆ. ಕರಾವಳಿಯ ನಾಲ್ಕು ತಿಂಗಳ ಮಳೆಯಲ್ಲಿ ಒಮ್ಮೆಯೂ ಬಿಸಿಯಾಗದೆ ಕೂತರೆ ಪುಡಿ ಒದ್ದೆಯಾಗಿ ಕರೆಂಟ್ ಲೀಕ್ ಆಗುತ್ತದೆ. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ, ಅಂದರೆ ಕರೆಂಟ್ ಲೀಕ್ ಆದರೆ ತಾನಾಗಿ ಬಿದ್ದು ಲೈನ್ ಕಡಿಯುವ ಸ್ವಿಚ್, 30 ಮಿಲಿಆಂಪ್ ಲೀಕ್ ಆಗುವುದರೊಳಗೆ ಬೀಳಬೇಕು, ಬಿತ್ತು. ಅದು ತನ್ನ ಕೆಲಸ ಸರಿಯಾಗಿ ಮಾಡಿತು. ನಾನು ಹೀಟರ್ ಬಿಚ್ಚಿ, ಕರೆಂಟ್ ಹೊರಬರದಂತೆ ಎಷ್ಟು ತಡೆ ಇದೆ ಅಂತ ಅಳೆಯುವ ಮೆಗ್ಗರ್ ಹಚ್ಚಿದರೆ ಮುಳ್ಳು ಸೊನ್ನೆಯ ಹತ್ತಿರವೇ ನಿಂತಿತು. ವರ್ಕ್‌ಶಾಪ್‌ಗೆ ತಂದು ಬೇರೆ ಓವನ್‌ನೊಳಗೆ ಕೆಲವು ಗಂಟೆ ಕಾಯಿಸಿದ ಮೇಲೆ ಸರಿಹೋಯಿತು. ಮತ್ತೆ ಹಾಕಿ, ಅರ್ಥಿಂಗ್ ಜೋಡಿಸಿ, ಟ್ರಿಪ್ ಆಗುವುದಿಲ್ಲ ಅಂತ ಎರಡು ಸಲ ನೋಡಿಕೊಂಡೇ ಬಂದೆ.

ಟ್ರಿಪ್ ಆದರೆ ಪ್ಲಗ್ ಕಿತ್ತು ಸುಮ್ಮನಿರಿ, ಯಾರನ್ನೂ ಅರ್ಥಿಂಗ್ ಮುಟ್ಟಲು ಬಿಡಬೇಡಿ. ಪ್ಲಗ್ ಕೂಡ 16 ಆಂಪಿಯರಿನ ದೊಡ್ಡ ಸಾಕೆಟ್‌ನಲ್ಲೇ ಇರಲಿ. ಓವನ್ ಸರಿ ಇರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಖಾಲಿ ಓವನ್ ಅನ್ನು 150 ಡಿಗ್ರಿಗೆ ಇಪ್ಪತ್ತು ನಿಮಿಷ ಉರಿಸಿ, ಪ್ರತಿ ಹೀಟರನ್ನೂ ಒಂದೊಂದು ಸಲ, ಫ್ಯಾನ್ ಸಮೇತ. ಆ ಮನೆಯವರು ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ, ಸಿಲಿಂಡರ್ ಬಂದ ತಾರೀಕಿನ ಪಕ್ಕದಲ್ಲೇ.