ಓಡುತ್ತಿರುವ ವಿಎಂ ಅನ್ನು ಇನ್ನೊಂದು ಸರ್ವರ್‌ಗೆ ದಾಟಿಸುವುದು: ಲೈವ್ ಮೈಗ್ರೇಶನ್ ಟಿಪ್ಪಣಿ

ಶಿವಮೊಗ್ಗದ ಒಂದು ಅಡಿಕೆ ಮಂಡಿ ಅಂದುಕೊಳ್ಳಿ. ಅಲ್ಲಿನ ಲೆಕ್ಕದ ಸಾಫ್ಟ್‌ವೇರ್ ಒಂದು ವರ್ಚುವಲ್ ಮಷಿನ್‌ನಲ್ಲಿ, ಅಂದರೆ ವಿಎಂನಲ್ಲಿ, ಓಡುತ್ತಿದೆ. ವಿಎಂ ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದಲೇ ಮಾಡಿದ ಒಂದು ಕಂಪ್ಯೂಟರ್. ಆ ವಿಎಂ ಇರುವ ಸರ್ವರ್‌ನ ಫ್ಯಾನ್ ಕೆಟ್ಟಿದೆ, ರಿಪೇರಿಗೆ ಅದನ್ನು ಆಫ್ ಮಾಡಲೇಬೇಕು. ಪಕ್ಕದಲ್ಲಿ ಇನ್ನೊಂದು ಸರ್ವರ್ ಇದೆ. ಬಿಲ್ ಹಾಕುತ್ತಿರುವವರಿಗೆ ಗೊತ್ತೇ ಆಗದ ಹಾಗೆ ವಿಎಂ ಅಲ್ಲಿಗೆ ಹೋಗಬೇಕು. ಇದೇ ಲೈವ್ ಮೈಗ್ರೇಶನ್.

ವಿಎಂವೇರ್ 2003ರಲ್ಲೇ ಇದನ್ನು ವಿಮೋಶನ್ ಎಂಬ ಹೆಸರಲ್ಲಿ ತಂದಿತು. 2005ರಲ್ಲಿ ಝೆನ್ ಎಂಬ, ವಿಎಂ ಓಡಿಸುವ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡಿದ ಸಂಶೋಧಕರು, ಬರೀ 60 ಮಿಲಿಸೆಕೆಂಡ್ ನಿಲ್ಲಿಸಿ ಓಡುತ್ತಿದ್ದ ಗೇಮ್ ಸರ್ವರ್ ಒಂದನ್ನು ದಾಟಿಸಿ ತೋರಿಸಿದರು. ಈಗ ಅಂಥದೇ ಸಾಫ್ಟ್‌ವೇರ್ ಆದ ಲಿನಕ್ಸ್‌ನ ಕೆವಿಎಂನಲ್ಲೂ ಇದು ಉಚಿತವಾಗಿ ಸಿಗುತ್ತದೆ. ಹಾಗಾಗಿ ಎರಡು ಹಳೇ ಕಂಪ್ಯೂಟರ್ ಇದ್ದರೂ ಸಾಕು, ಕಲಿಯಬಹುದು.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಸಾಮಾನ್ಯವಾಗಿ ಇಲ್ಲಿ ಡಿಸ್ಕ್ ಎಲ್ಲಿಗೂ ಹೋಗುವುದಿಲ್ಲ. ಎನ್‌ಎಫ್‌ಎಸ್, ಸೆಫ್ ಅಥವಾ ಐಸ್ಕಸಿ (iSCSI) ಎಂಬ, ನೆಟ್‌ವರ್ಕ್ ಮೇಲೆ ಡಿಸ್ಕ್ ಹಂಚಿಕೊಳ್ಳುವ ವ್ಯವಸ್ಥೆಗಳ ಮೂಲಕ ಎರಡೂ ಸರ್ವರ್‌ಗೆ ಕಾಣುವ ಜಾಗದಲ್ಲಿ ಅದು ಕೂತಿರುತ್ತದೆ. ಹೋಗುವುದು ಮೆಮೊರಿ, ಸಿಪಿಯು ರಿಜಿಸ್ಟರ್‌ಗಳು, ಮತ್ತೆ ವಿಎಂನ ವರ್ಚುವಲ್ ಸಾಧನಗಳ ಸ್ಥಿತಿ. ಡಿಸ್ಕನ್ನೂ ಜೊತೆಗೆ ಕಾಪಿ ಮಾಡುವ ದಾರಿ ಇದೆ, ಆದರೆ ಸಮಯ ತುಂಬಾ ಜಾಸ್ತಿ ಹಿಡಿಯುತ್ತದೆ.

ಕಷ್ಟ ಇರುವುದು ಮೆಮೊರಿಯಲ್ಲಿ. ವಿಎಂ ಓಡುತ್ತಲೇ ಇರುವುದರಿಂದ, ನಾವು ಕಾಪಿ ಮಾಡಿದ ಜಾಗಕ್ಕೇ ಅದು ಮತ್ತೆ ಬರೆಯುತ್ತದೆ. ಕಳಿಸಿದ್ದು ಹಳತಾಯಿತು, ಅಲ್ವಾ? ಇದಕ್ಕೆ ಹೈಪರ್‌ವೈಸರ್, ಅಂದರೆ ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್, ಮೆಮೊರಿಯನ್ನು 4 ಕೆಬಿಯ ಪುಟಗಳಾಗಿ ನೋಡುತ್ತದೆ. 8 ಜಿಬಿ ಮೆಮೊರಿಗೆ ಸುಮಾರು 20 ಲಕ್ಷ ಪುಟ. ಪ್ರತಿ ಪುಟಕ್ಕೂ ಒಂದು ಬಿಟ್ (0 ಅಥವಾ 1ರ ಗುರುತು) ಇಟ್ಟುಕೊಂಡು, ಪುಟಕ್ಕೆ ಯಾರಾದರೂ ಬರೆದರೆ ಆ ಬಿಟ್ ಅನ್ನು 1 ಮಾಡುತ್ತದೆ. ಹಾಗೆ ಗುರುತಾದದ್ದೇ ಡರ್ಟಿ ಪೇಜ್. ಮೊದಲ ಸುತ್ತಿನಲ್ಲಿ ಎಲ್ಲ ಪುಟಗಳೂ ಹೋಗುತ್ತವೆ. ಎರಡನೇ ಸುತ್ತಿನಲ್ಲಿ, ಮೊದಲ ಸುತ್ತು ನಡೆಯುವಾಗ ಬದಲಾದವು ಮಾತ್ರ. ಮೂರನೆಯದರಲ್ಲಿ, ಎರಡನೇ ಸುತ್ತಿನಲ್ಲಿ ಬದಲಾದವು. ಇದಕ್ಕೆ ಪ್ರಿಕಾಪಿ ಎನ್ನುತ್ತಾರೆ.

ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಅಂಗಳ ನೋಡಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಒಂದು ಕಡೆ ಸುಲಿಯುತ್ತಿದ್ದರೆ, ಇನ್ನೊಂದು ಕಡೆ ತೋಟದಿಂದ ಗೊನೆ ಬಂದು ಬೀಳುತ್ತಿರುತ್ತದೆ. ಸುಲಿಯುವ ಕೈ ಚುರುಕಾಗಿದ್ದರೆ ರಾಶಿ ಕರಗುತ್ತದೆ. ಗೊನೆ ಬರುವ ವೇಗವೇ ಜಾಸ್ತಿಯಾದರೆ ಇಡೀ ರಾತ್ರಿ ಕೂತರೂ ರಾಶಿ ಹಾಗೇ ಇರುತ್ತದೆ.

ಈಗ ಲೆಕ್ಕ ಹಾಕೋಣ. ಇದನ್ನು ಒಮ್ಮೆ ಕೈಯಲ್ಲಿ ಬರೆದು ಮಾಡಿ, ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಮೆಮೊರಿ 8,000 ಎಂಬಿ ಇರಲಿ. 1 ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ 100 ಎಂಬಿ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ವಿಎಂ ಸೆಕೆಂಡಿಗೆ 30 ಎಂಬಿಯಷ್ಟು ಪುಟ ಬದಲಾಯಿಸುತ್ತಿದೆ. ಮೊದಲ ಸುತ್ತಿಗೆ 80 ಸೆಕೆಂಡ್. ಅಷ್ಟರಲ್ಲಿ 2,400 ಎಂಬಿ ಬದಲಾಗಿದೆ. ಅದನ್ನು ಕಳಿಸಲು 24 ಸೆಕೆಂಡ್, ಆಗ ಉಳಿಯುವುದು 720 ಎಂಬಿ. ಆಮೇಲೆ 216, ಆಮೇಲೆ 65, ಆಮೇಲೆ ಸುಮಾರು 20 ಎಂಬಿ.

ಎಲ್ಲಿ ನಿಲ್ಲಿಸಬೇಕು? ಕೆವಿಎಂ ಜೊತೆ ಬಳಸುವ ಕ್ಯೂಎಮು (QEMU) ಸಾಫ್ಟ್‌ವೇರ್‌ನಲ್ಲಿ ವಿಎಂ ಅನ್ನು 300 ಮಿಲಿಸೆಕೆಂಡ್‌ವರೆಗೆ ನಿಲ್ಲಿಸಬಹುದು ಎಂಬ ಮಿತಿ ಮೊದಲೇ ಇರುತ್ತದೆ, ಬೇಕಾದರೆ ಬದಲಾಯಿಸಬಹುದು. ನಮ್ಮ ವೇಗದಲ್ಲಿ ಅಷ್ಟು ಹೊತ್ತಿಗೆ 30 ಎಂಬಿ ಹೋಗುತ್ತದೆ. ಉಳಿದದ್ದು 20 ಎಂಬಿ, ಸರಿ. ವಿಎಂ ನಿಲ್ಲುತ್ತದೆ, ಕೊನೇ ಪುಟಗಳು ಮತ್ತು ಸಿಪಿಯು ಸ್ಥಿತಿ ಹೋಗುತ್ತವೆ, ಆ ಕಡೆ ಅದು ಎದ್ದು ಓಡುತ್ತದೆ. ಒಟ್ಟು ಎರಡು ನಿಮಿಷಕ್ಕೆ ಸ್ವಲ್ಪ ಕಮ್ಮಿ, ಅದರಲ್ಲಿ ನಿಂತದ್ದು 0.2 ಸೆಕೆಂಡ್.

ಮಂಡಿಯಲ್ಲಿ ವ್ಯಾಪಾರ ಜೋರಾಗಿ ನಡೆಯುವಾಗ ಅದೇ ವಿಎಂ ಸೆಕೆಂಡಿಗೆ 120 ಎಂಬಿ ಬದಲಾಯಿಸಿದರೆ? 80 ಸೆಕೆಂಡ್ ಆದ ಮೇಲೆ ಬಹುಪಾಲು ಮೆಮೊರಿ ಮತ್ತೆ ಕಳಿಸಬೇಕಾದ ಸ್ಥಿತಿಗೆ ಬಂದಿರಬಹುದು. ಮೈಗ್ರೇಶನ್ ಮುಗಿಯುವುದೇ ಇಲ್ಲ. ಹಾಗಾಗಿ ವಿಎಂ ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಬರೆಯುವ ವೇಗಕ್ಕೂ ಕಳಿಸುವ ವೇಗಕ್ಕೂ ಇರುವ ಅಂತರವನ್ನೇ ನೋಡಬೇಕು. ಮಂಡಿ ಮುಚ್ಚಿದ ಮೇಲೆ ಸಂಜೆ ಮಾಡಿದರೆ ಅದೇ ಕೆಲಸ ಸಲೀಸಾಗಿ ಆಗುತ್ತದೆ. ನನ್ನ ಪ್ರಕಾರ ಅದೇ ಒಳ್ಳೇ ಉಪಾಯ.

ಕಾಯುವ ಹಾಗಿಲ್ಲದಿದ್ದರೆ ಬೇರೆ ದಾರಿಗಳಿವೆ. ಆಟೋ ಕನ್ವರ್ಜ್ ಹಾಕಿದರೆ ಕ್ಯೂಎಮು ವಿಎಂನ ಸಿಪಿಯುವನ್ನು ಮೊದಲು ಶೇ 20ರಷ್ಟು, ಸಾಲದಿದ್ದರೆ ಮತ್ತೆ ಶೇ 10ರಂತೆ ನಿಧಾನ ಮಾಡುತ್ತಾ ಹೋಗುತ್ತದೆ. ಬರೆಯುವುದು ಕಮ್ಮಿಯಾಗಿ ಕೆಲಸ ಮುಗಿಯುತ್ತದೆ. ಆದರೆ ಅಷ್ಟು ಹೊತ್ತು ಬಿಲ್ ಹಾಕುವವರು ಒದ್ದಾಡುತ್ತಾರೆ. ಇನ್ನೊಂದು ಪೋಸ್ಟ್‌ಕಾಪಿ. ಮೊದಲು ವಿಎಂ ಅನ್ನು ಆ ಕಡೆ ಎಬ್ಬಿಸಿ, ಬೇಕಾದ ಪುಟ ಬೇಕಾದಾಗ ಹಳೇ ಸರ್ವರ್‌ನಿಂದ ತರಿಸಿಕೊಳ್ಳುವುದು. ಪ್ರತಿ ಪುಟ ಒಂದೇ ಸಲ ಹೋಗುವುದರಿಂದ ಖಂಡಿತ ಮುಗಿಯುತ್ತದೆ. ಅಪಾಯ ಏನೆಂದರೆ, ನಡುವೆ ಒಂದು ಸರ್ವರ್ ಬಿದ್ದರೆ ವಿಎಂನ ಮೆಮೊರಿ ಎರಡು ಕಡೆ ಹರಿದುಹೋಗಿರುತ್ತದೆ. ಓಡುತ್ತಿದ್ದ ಕೆಲಸ ಹೋಯಿತು ಅಂತಲೇ ಲೆಕ್ಕ. ಪ್ರಿಕಾಪಿಯಲ್ಲಿ ಹಾಗಿಲ್ಲ. ಲಿಂಕ್ ಕಡಿದರೂ ಹಳೇ ಸರ್ವರ್‌ನಲ್ಲಿ ವಿಎಂ ಓಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಗುವ ನಮ್ಮ ಮಲೆನಾಡಿನಲ್ಲಿ ಪೋಸ್ಟ್‌ಕಾಪಿಯನ್ನು ನಾನಂತೂ ಕೊನೇ ಆಯ್ಕೆಯಾಗಿ ಇಡುತ್ತೇನೆ.

ಕರೆಂಟ್ ವಿಷಯಕ್ಕೆ ಬಂದರೆ, ಲೈವ್ ಮೈಗ್ರೇಶನ್‌ಗೆ ಎರಡೂ ಸರ್ವರ್ ಜೀವಂತ ಇರಬೇಕು. ಆಫ್ ಆದ ಸರ್ವರ್‌ನಿಂದ ಏನನ್ನೂ ದಾಟಿಸಲು ಆಗುವುದಿಲ್ಲ. ಯುಪಿಎಸ್ 15 ನಿಮಿಷ ತಡೆಯುತ್ತದೆ ಅಂದುಕೊಳ್ಳಿ. ಮೇಲಿನಂಥ 10 ವಿಎಂಗಳಿಗೆ ಅದೇ ಒಂದು ಲಿಂಕ್‌ನಲ್ಲಿ ಸುಮಾರು 19 ನಿಮಿಷ ಬೇಕು. ಯಾವುದು ಮೊದಲು ಹೋಗಬೇಕು ಅಂತ ಮುಂಚೆಯೇ ಬರೆದಿಡಿ. ಇದು ಬ್ಯಾಕಪ್ ಕೂಡ ಅಲ್ಲ. ಹಾಳಾದ ಡೇಟಾ ಇದ್ದರೆ ಅದು ಹಾಳಾದ ಹಾಗೇ ಇರುತ್ತದೆ.

ವಿಎಂನ ಐಪಿ ವಿಳಾಸ, ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಬದಲಾಗುವುದಿಲ್ಲ. ಹೊಸ ಸರ್ವರ್ ಒಂದು ಸಣ್ಣ ಪ್ಯಾಕೆಟ್ ಅನ್ನು ಎಲ್ಲರಿಗೂ ಕಳಿಸುತ್ತದೆ. ಅದನ್ನು ನೋಡಿ ಸ್ವಿಚ್, ಈ ಮ್ಯಾಕ್ ಈಗ ಬೇರೆ ಪೋರ್ಟ್‌ನಲ್ಲಿದೆ ಅಂತ ಕಲಿಯುತ್ತದೆ. ಟಿಸಿಪಿ ಸಂಪರ್ಕಗಳ ಲೆಕ್ಕ ವಿಎಂನ ಮೆಮೊರಿಯಲ್ಲೇ ಇರುವುದರಿಂದ ಅವೂ ಕಡಿಯುವುದಿಲ್ಲ. ಇದಕ್ಕೆ ಎರಡೂ ಸರ್ವರ್ ಒಂದೇ ಲೇಯರ್ 2 ನೆಟ್‌ವರ್ಕ್‌ನಲ್ಲಿ, ಅಂದರೆ ನಡುವೆ ರೂಟರ್ ಇಲ್ಲದ ಒಂದೇ ನೆಟ್‌ವರ್ಕ್‌ನಲ್ಲಿ, ಇರಬೇಕು.

ಸಿಪಿಯು ಹೊಂದಾಣಿಕೆ ಮರೆಯಬೇಡಿ. ಹೊಸ ಸಿಪಿಯುವಿನಲ್ಲಿ ಬೂಟ್ ಆದ ವಿಎಂ, ಎವಿಎಕ್ಸ್‌ನಂಥ (ಲೆಕ್ಕ ವೇಗವಾಗಿ ಮಾಡುವ ಸಿಪಿಯು ಸೂಚನೆಗಳು) ಸೌಲಭ್ಯ ಇದೆ ಅಂತ ನಂಬಿಕೊಂಡು ಓಡುತ್ತಿರುತ್ತದೆ. ಹಳೇ ಸಿಪಿಯುವಿನಲ್ಲಿ ಅದು ಇಲ್ಲದಿದ್ದರೆ ಪ್ರೋಗ್ರಾಂ ಬಿದ್ದುಹೋಗುತ್ತದೆ. ಅದಕ್ಕೇ ಎರಡೂ ಸರ್ವರ್‌ಗೆ ಸಾಮಾನ್ಯವಾದ ಸಿಪಿಯು ಮಾದರಿಯನ್ನು ವಿಎಂಗೆ ಮೊದಲೇ ಕೊಡಬೇಕು. ಸರ್ವರ್‌ನ ಸಿಪಿಯುವನ್ನು ಇದ್ದ ಹಾಗೇ ವಿಎಂಗೆ ತೋರಿಸುವ ಹೋಸ್ಟ್ ಪಾಸ್‌ಥ್ರೂ ಬೇಡ.

ಇನ್ನು ಹಲವರು ಕೇಳುವ ಪ್ರಶ್ನೆ: ಶಿವಮೊಗ್ಗದಿಂದ ಸಾಗರದ ಶಾಖೆಗೆ ಇದೇ ರೀತಿ ದಾಟಿಸಬಹುದಾ? ನಡುವಿನ ಲೈನ್ 100 ಮೆಗಾಬಿಟ್ ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. ನಮ್ಮ ವಿಎಂ ಬದಲಾಯಿಸುವುದು 30 ಎಂಬಿ. ಲೆಕ್ಕದಲ್ಲೇ ಉತ್ತರ ಇದೆ. ಜೊತೆಗೆ ಡಿಸ್ಕ್ ಶಿವಮೊಗ್ಗದಲ್ಲೇ ಉಳಿಯುತ್ತದೆ. ಅಂಥ ಕಡೆ ವಿಎಂ ಆಫ್ ಮಾಡಿ, ಡಿಸ್ಕ್ ಕಾಪಿ ಮಾಡಿ, ಅಲ್ಲಿ ಆನ್ ಮಾಡುವುದೇ ಸರಿ.

ಅಭ್ಯಾಸ ಮಾಡುವಾಗ ಮೈಗ್ರೇಶನ್ ಶುರು ಮಾಡಿ ಸುಮ್ನೆ ಕೂರಬೇಡಿ. ಇನ್ನೊಂದು ಟರ್ಮಿನಲ್‌ನಲ್ಲಿ ವಿಎಂಗಳನ್ನು ನಿಭಾಯಿಸುವ ವಿರ್ಶ್ ಟೂಲ್‌ನ ಡೊಮ್‌ಜಾಬ್‌ಇನ್ಫೋ (virsh domjobinfo) ಕಮಾಂಡ್ ಮತ್ತೆ ಮತ್ತೆ ಓಡಿಸಿ. ಬಾಕಿ ಮೆಮೊರಿ ಸುತ್ತಿನಿಂದ ಸುತ್ತಿಗೆ ಇಳಿಯುತ್ತಿದೆಯಾ ನೋಡಿ. ಇಳಿಯದಿದ್ದರೆ ರದ್ದು ಮಾಡಿ, ವಿಎಂ ಒಳಗೆ ಯಾವ ಪ್ರೋಗ್ರಾಂ ಅಷ್ಟೊಂದು ಬರೆಯುತ್ತಿದೆ ಅಂತ ಮೊದಲು ಹುಡುಕಿ.