ಟೇಪ್ ಲೋಡ್ ಆಗದಿದ್ದರೆ ಮೊದಲು ಹೆಡ್ ನೋಡಿ

ಕ್ಯಾಸೆಟ್ಟಿನಿಂದ ಪ್ರೋಗ್ರಾಮ್ ಓದಿಕೊಳ್ಳುವ 1980ರ ದಶಕದ ಮನೆ ಕಂಪ್ಯೂಟರ್ ಝಡ್‌ಎಕ್ಸ್ ಸ್ಪೆಕ್ಟ್ರಮ್‌ಗೆ ಕ್ಯಾಸೆಟ್ಟಿನ ಸದ್ದು ಎಷ್ಟು ಜೋರಾಗಿದೆ ಎಂಬುದು ಮುಖ್ಯವಲ್ಲ, ಕೇಳಿಸಿದರೆ ಸಾಕು. ಅದು ಅಳೆಯುವುದು ಅಲೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೊರಳುವ ಕ್ಷಣಗಳ ನಡುವಿನ ಅಂತರವನ್ನು. ಪೂರ್ತಿ ಅಲೆ ಸುಮಾರು 489 ಮೈಕ್ರೊಸೆಕೆಂಡಿನಲ್ಲಿ ಮುಗಿದರೆ ಸೊನ್ನೆ, ಅದರ ದುಪ್ಪಟ್ಟು ಹಿಡಿದರೆ ಒಂದು. ಹಾಗಾಗಿ ಒಂದುಗಳೇ ತುಂಬಿದ ಫೈಲು ಅಷ್ಟೇ ಉದ್ದದ ಸೊನ್ನೆಗಳ ಫೈಲಿಗಿಂತ ನಿಧಾನವಾಗಿ ಲೋಡ್ ಆಗುತ್ತದೆ!

ಮೊದಲು ಸುಮಾರು 5 ಸೆಕೆಂಡ್ ಒಂದೇ ಸಮನೆ ಕೂಗುವ ಪೈಲಟ್ ಟೋನ್. ಪರದೆಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟೆಗಳು. ಆಮೇಲೆ ಹೆಸರು, ಬಗೆ, ಉದ್ದ ಹೇಳುವ 17 ಬೈಟಿನ ಹೆಡರ್. ಮತ್ತೆ 2 ಸೆಕೆಂಡ್ ಪೈಲಟ್, ಅದರ ಬೆನ್ನಿಗೇ ನೀಲಿ-ಹಳದಿ ಪಟ್ಟೆಗಳೊಂದಿಗೆ ಅಸಲು ಡೇಟಾ. ಕೊನೆಯ ಬೈಟು ತಾಳೆ ನೋಡುವುದಕ್ಕೆ. ನಾಲ್ಕೈದು ನಿಮಿಷ ಕಾದ ಮೇಲೆ ಒಂದೇ ಒಂದು ಬಿಟ್ ತಪ್ಪಿದ್ದರೂ 'ಟೇಪ್ ಲೋಡಿಂಗ್ ಎರರ್'. ಅದೇ ಕಾಲದ ಇನ್ನೊಂದು ಕಂಪ್ಯೂಟರ್ ಕಮೊಡೋರ್ 64 ಪ್ರತಿ ಬ್ಲಾಕನ್ನೂ ಎರಡು ಸಲ ಬರೆಯುತ್ತಿತ್ತು. ಕ್ಷೇಮವೇನೋ ಹೌದು, ಆದರೆ ಆಮೆಯ ನಡಿಗೆ. ಬೇಗ ಲೋಡ್ ಮಾಡುವ ಟರ್ಬೊ ಲೋಡರುಗಳು ಹುಟ್ಟಿದ್ದು ಅದಕ್ಕೇ.

ಪಟ್ಟೆಗಳೇ ಕಾಣದಿದ್ದರೆ ವೈರು ಅಥವಾ ವಾಲ್ಯೂಮ್ ನೋಡಿ. ಮುಕ್ಕಾಲು ಭಾಗದಿಂದ ಶುರುಮಾಡಿ, ಸ್ವಲ್ಪಸ್ವಲ್ಪವೇ ಬದಲಿಸಿ. ಹೆಸರು ಮೂಡಿ, ಡೇಟಾದ ನಡುವೆ ಕೈಕೊಟ್ಟರೆ ಅನುಮಾನ ರೆಕಾರ್ಡರಿನಲ್ಲಿ ಟೇಪನ್ನು ಓದುವ ಹೆಡ್ಡಿನ ಮೇಲೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ಡನ್ನೂ, ಟೇಪನ್ನು ಎಳೆಯುವ ಲೋಹದ ಕಡ್ಡಿಯನ್ನೂ ಒರೆಸಿ, ಒಣಗಲು ಬಿಡಿ.

ಆಮೇಲೂ ಸದ್ದು ಮಂಕಾಗಿದ್ದರೆ ಹೆಡ್ ಓರೆಯಾಗಿದೆ. ಅದರ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವಿನ ಈಗಿನ ಸ್ಥಾನಕ್ಕೆ ಮೊದಲು ಗುರುತು ಹಾಕಿ. ಬೇರೆ ಡೆಕ್ಕಿನಲ್ಲಿ (ರೆಕಾರ್ಡರಿನಲ್ಲಿ) ತುಂಬಿದ ಟೇಪಿಗೆ ಬೇರೆ ಕೋನವೇ ಬೇಕಾಗಬಹುದು. ಟೇಪ್ ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರಿನಿಂದ ಕಾಲು ಸುತ್ತು ಆಚೆ ಈಚೆ ತಿರುಗಿಸಿ, ಸದ್ದು ಅತ್ಯಂತ ಚೂಪಾಗುವಲ್ಲಿ ನಿಲ್ಲಿಸಿ. ಸ್ಟೀರಿಯೊ ಡೆಕ್ಕಾದರೆ ಒಂದೇ ಚಾನೆಲ್ ತೆಗೆದುಕೊಳ್ಳಿ: ಹೆಡ್ ಓರೆಯಿದ್ದಾಗ ಎರಡನ್ನೂ ಬೆರೆಸಿದರೆ ಚೂಪು ಸದ್ದೇ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಟೇಪಿನ ಸುಯ್ ಸದ್ದು ತಗ್ಗಿಸುವ ಡಾಲ್ಬಿ ಆಫ್ ಇರಲಿ.

ಮಾಮೂಲಿ ಟೇಪು ಓದಿ, ಟರ್ಬೊ ಮಾತ್ರ ಓದದಿದ್ದರೆ ರಬ್ಬರ್ ಬೆಲ್ಟ್ ಪರೀಕ್ಷಿಸಿ. ಟರ್ಬೊದಲ್ಲಿ ಅಲೆಗಳೇ ಗಿಡ್ಡ, ಸೊನ್ನೆಗೂ ಒಂದಕ್ಕೂ ಇರುವ ಅಂತರ ಕಿರಿದು. ಜೋಲುಬಿದ್ದ ಬೆಲ್ಟಿನಿಂದ ವೇಗ ತುಸು ತೊನೆದಾಡಿದರೂ ಎಣಿಕೆ ತಪ್ಪುತ್ತದೆ.

ಸೇವ್ ಮಾಡುವಾಗ ಮಾತ್ರ, ರೆಕಾರ್ಡರಿನಿಂದ ಕಂಪ್ಯೂಟರಿಗೆ ಸದ್ದು ತರುವ 'ಇಯರ್' ವೈರನ್ನು ಕಳಚಿಡಿ. ಅದೂ, ಕಂಪ್ಯೂಟರಿನಿಂದ ರೆಕಾರ್ಡರಿಗೆ ಸದ್ದು ಒಯ್ಯುವ 'ಮೈಕ್' ವೈರೂ ಒಟ್ಟಿಗೆ ಚುಚ್ಚಿದ್ದರೆ ಕೆಲವು ರೆಕಾರ್ಡರುಗಳಲ್ಲಿ ಸದ್ದು ಸುತ್ತಿ ಮರಳಿ ಬಂದು, ಟೇಪಿನಲ್ಲಿ ಬರೀ ಗುಂಯ್‌ಗುಡುವಿಕೆ ಉಳಿಯುತ್ತದೆ.